ಕುಂಡದ ಮಣ್ಣನ್ನು ನೀವೇ ಹದ ಮಾಡಿ: ಮನೆಯೊಳಗೆ ಗಿಡ ಬೆಳೆಸುವವರಿಗೊಂದು ಬಹಿರಂಗ ಪತ್ರ

ಬೆಂಗಳೂರಿನ ಫ್ಲ್ಯಾಟುಗಳಲ್ಲೂ ಬಾಡಿಗೆ ಮನೆಗಳಲ್ಲೂ ಕುಂಡದಲ್ಲಿ ಗಿಡ ಬೆಳೆಸುತ್ತಿರುವ ಎಲ್ಲ ಸ್ನೇಹಿತರಿಗೆ,



ಜನವರಿಯಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಮುಗಿಯುತ್ತದೆ. ಅದಾದ ಕೆಲವೇ ವಾರಗಳಲ್ಲಿ ನನ್ನ ಫೋನಿಗೆ ಫೋಟೋಗಳು ಬರತೊಡಗುತ್ತವೆ. ಹಳದಿಗೆ ತಿರುಗಿದ ಎಲೆ, ಬುಡದಲ್ಲಿ ಮೆತ್ತಗಾದ ಕಾಂಡ, ಮಣ್ಣಿನ ಮೇಲೆ ಬಿಳಿ ಬೂಸ್ಟು. ಜೊತೆಗೆ ತಪ್ಪದೆ ಒಂದು ಪ್ರಶ್ನೆ: "ಮೇಡಂ, ಏನು ಗೊಬ್ಬರ ಹಾಕಲಿ?" ಕುಂಡದಲ್ಲಿರುವುದು ಎಂಥ ಮಣ್ಣು ಎಂದು ನಾನು ವಾಪಸು ಕೇಳಿದರೆ, "ನರ್ಸರಿಯವರು ಕೊಟ್ಟಿದ್ದು" ಎನ್ನುವುದರ ಆಚೆಗೆ ಯಾರ ಬಳಿಯೂ ಉತ್ತರ ಇರುವುದಿಲ್ಲ. ಗಿಡದ ಹೆಸರು ಗೊತ್ತು, ಬೆಲೆ ಗೊತ್ತು, ಅದಕ್ಕೆ ಒಪ್ಪುವ ಕುಂಡದ ಬಣ್ಣವೂ ಗೊತ್ತು. ಗಿಡ ನಿಂತಿರುವ ಮಣ್ಣನ್ನು ಮಾತ್ರ ಯಾರೂ ಕೈಯಲ್ಲಿ ಹಿಡಿದು ನೋಡಿಲ್ಲ.

ಆ ಮಣ್ಣಿನ ಬಗ್ಗೆ ನಿಮ್ಮ ಗಮನ ಸೆಳೆಯಲೆಂದೇ ಈ ಪತ್ರ. ಮನೆಯೊಳಗಿನ ಕುಂಡಕ್ಕೆ ಮಣ್ಣು ಕೊಳ್ಳುವ ಬದಲು ನೀವೇ ಬೆರೆಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಇದು ಕಷ್ಟದ ಕೆಲಸವಲ್ಲ. ಒಂದು ಬಾಂಡ್ಲಿ, ಒಂದು ಜರಡಿ, ಭಾನುವಾರದ ಒಂದು ಬೆಳಗು ಸಾಕು. ಆದರೆ ಏನನ್ನು ಯಾಕೆ ಬೆರೆಸುತ್ತಿದ್ದೇವೆ ಎಂಬುದು ಗೊತ್ತಿರಬೇಕು.

ಹೊಲದಲ್ಲಿ, ಹಿತ್ತಲಲ್ಲಿ ಬೆಳೆಯುವ ಗಿಡದ ಬುಡದಲ್ಲಿ ಎರೆಹುಳು ಓಡಾಡುತ್ತದೆ, ಇರುವೆ ಗೂಡು ಕಟ್ಟುತ್ತದೆ, ಹಳೆಯ ಬೇರು ಕೊಳೆತು ಅದರ ಜಾಗದಲ್ಲಿ ಗಾಳಿಗೆ ದಾರಿ ಉಳಿಯುತ್ತದೆ. ಮಳೆ ಬಂದರೆ ಹೆಚ್ಚಾದ ಉಪ್ಪು ತೊಳೆದುಹೋಗುತ್ತದೆ. ಹಾಲಿನ ಮೂಲೆಯಲ್ಲಿಟ್ಟ ಕುಂಡಕ್ಕೆ ಇದ್ಯಾವುದೂ ಇಲ್ಲ. ಬೆಳಕು ಕಡಿಮೆಯಾದಷ್ಟೂ ಗಿಡ ನೀರು ಎಳೆಯುವುದು ನಿಧಾನವಾಗುತ್ತದೆ. ತಾರಸಿಯ ಮೇಲೆ ಬೆಳಗ್ಗೆ ನೀರು ಹಾಕಿ ಸಂಜೆಗೆ ಒಣಗುವ ಕುಂಡ, ಒಳಗೆ ತಂದಿಟ್ಟರೆ ವಾರ ಕಳೆದರೂ ಒದ್ದೆಯಾಗಿಯೇ ಇರುತ್ತದೆ. ಬೇರಿಗೂ ಆಮ್ಲಜನಕ ಬೇಕು. ಮಣ್ಣಿನ ಸಂದಿಗಳಲ್ಲೆಲ್ಲ ನೀರೇ ನಿಂತರೆ ಮೊದಲು ಬೇರಿನ ಉಸಿರು ಕಟ್ಟುತ್ತದೆ, ಆಮೇಲೆ ಕೊಳೆರೋಗ ಬರುತ್ತದೆ, ಎಲ್ಲಕ್ಕಿಂತ ಕೊನೆಗೆ ಎಲೆ ಹಳದಿಯಾಗುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಆ ಕೊನೆಯದೊಂದೇ. ಪಾಪ, ಗಿಡ ಬಡವಾಗಿದೆ ಎಂದು ಇನ್ನೊಂದು ಲೋಟ ನೀರು, ಇನ್ನೊಂದು ಹಿಡಿ ಗೊಬ್ಬರ ಹಾಕುತ್ತೇವೆ. ಬೇರು ಕೊಳೆಯುತ್ತಿರುವ ಗಿಡಕ್ಕೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ.

ಡಾ. ಬಿ.ಎನ್. ವಿಶ್ವನಾಥ್ ಅವರಂಥವರು 1990ರ ದಶಕದಿಂದಲೇ ತಾರಸಿ ತೋಟದ ಪಾಠ ಹೇಳಿಕೊಟ್ಟ ಊರು ಇದು. ಕೆಮ್ಮಣ್ಣು, ಗೊಬ್ಬರ, ಕೋಕೋಪೀಟ್ ಮೂರನ್ನೂ ಸಮಸಮ ಬೆರೆಸುವ ಲೆಕ್ಕ ಎಷ್ಟೋ ಮನೆಗಳಲ್ಲಿ ಬಾಯಿಪಾಠವಾಗಿದೆ. ಬಿಸಿಲಿನಲ್ಲಿರುವ ಟೊಮೆಟೊ, ಬದನೆಗೆ ಅದು ಒಳ್ಳೆಯ ಲೆಕ್ಕ. ನೆರಳಿನಲ್ಲಿ, ಫ್ಯಾನಿನ ಕೆಳಗೆ ಕೂತಿರುವ ಮನಿ ಪ್ಲಾಂಟಿಗೆ ಅದೇ ಲೆಕ್ಕ ಭಾರವಾಗುತ್ತದೆ. ಮನೆಯೊಳಗಿನ ಮಿಶ್ರಣದಲ್ಲಿ ಗೊಬ್ಬರ ಕಡಿಮೆ ಇರಬೇಕು, ಗಾಳಿಯಾಡಲು ಜಾಗ ಹೆಚ್ಚಿರಬೇಕು. ಈ ಪತ್ರದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಮೊದಲು ಕೆಮ್ಮಣ್ಣು. ನಮ್ಮ ಸೀಮೆಯ ಕೆಮ್ಮಣ್ಣನ್ನು ನಾನು ದೂರುವುದಿಲ್ಲ. ರಾಗಿ, ಅವರೆ, ಹುಚ್ಚೆಳ್ಳು ಬೆಳೆದು ಈ ಸೀಮೆಯನ್ನು ಸಾಕಿದ ಮಣ್ಣು ಅದು. ಕಬ್ಬಿಣದ ಆಕ್ಸೈಡಿನಿಂದ ಅದಕ್ಕೆ ಆ ಕೆಂಪು. ಆದರೆ ನಮಗೆ ಚೀಲದಲ್ಲಿ ಸಿಗುವುದು ಹೊಲದ ಮೇಲ್ಮಣ್ಣೇ ಆಗಿರಬೇಕೆಂದಿಲ್ಲ. ಹೊಸ ಕಟ್ಟಡಕ್ಕೆ ಪಾಯ ತೋಡಿದ ಜಾಗದಿಂದ ಟ್ರ್ಯಾಕ್ಟರ್ ತುಂಬಿಕೊಂಡು ನರ್ಸರಿಗೆ ಮಣ್ಣು ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಹತ್ತು ಹನ್ನೆರಡು ಅಡಿ ಆಳದಿಂದ ಬಂದ ಆ ಮಣ್ಣಿನಲ್ಲಿ ಸಾವಯವ ಅಂಶ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಜೇಡಿ ಹೆಚ್ಚಿದ್ದರೆ ನೀರು ಬಿದ್ದಾಗ ಜಿಗುಟಾಗುತ್ತದೆ, ಒಣಗಿದಾಗ ಹೆಂಟೆಗಟ್ಟಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಹಾಕಿದ ನೀರು ಆ ಬಿರುಕಿನಲ್ಲಿ ಸರ್ರನೆ ಇಳಿದು ತಟ್ಟೆಗೆ ಸೇರುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ.

ನಿಮ್ಮ ಮಣ್ಣು ಹೇಗಿದೆ ಎಂದು ತಿಳಿಯಲು ಪ್ರಯೋಗಾಲಯವೇನೂ ಬೇಡ. ಉದ್ದನೆಯ ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ಜರಡಿ ಹಿಡಿದ ಮಣ್ಣು ಹಾಕಿ, ಮೇಲೆ ನೀರು ತುಂಬಿ, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಬಿಟ್ಟು, ಚೆನ್ನಾಗಿ ಕುಲುಕಿ ಕಿಟಕಿಯ ಕಟ್ಟೆಯ ಮೇಲಿಡಿ. ಒಂದೆರಡು ನಿಮಿಷದೊಳಗೆ ಮರಳು ತಳಕ್ಕೆ ಕೂರುತ್ತದೆ. ಒಂದೆರಡು ಗಂಟೆಯಲ್ಲಿ ಅದರ ಮೇಲೆ ನಯವಾದ ಗೋಡು. ಜೇಡಿ ತಿಳಿಯಾಗಲು ಒಂದು ದಿನವೇ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಮರುದಿನ ಬಾಟಲಿಯ ಪಕ್ಕ ಒಂದು ಸ್ಕೇಲು ಹಿಡಿದು ಪದರಗಳನ್ನು ನೋಡಿ. ಮೇಲಿನ ಜೇಡಿ ಪದರ ಒಟ್ಟು ಮಣ್ಣಿನ ಮೂರನೇ ಒಂದಕ್ಕಿಂತ ದಪ್ಪವಾಗಿದ್ದರೆ ಆ ಮಣ್ಣನ್ನು ಬಲು ಕಡಿಮೆ ಬಳಸಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ಅವರಿಗೂ ಖುಷಿ.

ಇನ್ನು ಕೋಕೋಪೀಟ್. ತಿಪಟೂರು, ಅರಸೀಕೆರೆ ಕಡೆ ಓಡಾಡಿದವರು ನಾರಿನ ಕಾರ್ಖಾನೆಗಳ ಹಿಂದೆ ಗುಡ್ಡೆಗುಡ್ಡೆ ಬಿದ್ದ ಕಂದು ಪುಡಿಯನ್ನು ನೋಡಿರುತ್ತೀರಿ. ತೆಂಗಿನ ಮಟ್ಟೆಯಿಂದ ನಾರು ಬಿಡಿಸುವಾಗ ಉದುರುವ ಪುಡಿ ಅದು. ಬೇಗ ಕೊಳೆಯದ ಲಿಗ್ನಿನ್ ಅದರಲ್ಲಿ ಹೆಚ್ಚು, ಹಾಗಾಗಿ ಒಂದು ಕಾಲಕ್ಕೆ ಏನು ಮಾಡಬೇಕೆಂದು ತೋಚದೆ ಬಿಟ್ಟ ಕಸವಾಗಿತ್ತು. ಇಂದು ಅದೇ ಪುಡಿಯನ್ನು ಇಟ್ಟಿಗೆಯಂತೆ ಒತ್ತಿ ದೇಶವಿದೇಶಕ್ಕೆ ಕಳಿಸುತ್ತಾರೆ. 5 ಕಿಲೋದ ಒಂದು ಇಟ್ಟಿಗೆ ನೆನೆದರೆ ಸುಮಾರು 60ರಿಂದ 70 ಲೀಟರಿನಷ್ಟು ಉಬ್ಬುತ್ತದೆ. ತನ್ನ ತೂಕದ ಹಲವು ಪಟ್ಟು ನೀರು ಹಿಡಿದುಕೊಂಡೂ ನಡುವೆ ಗಾಳಿಗೆ ಜಾಗ ಬಿಡುವುದು ಅದರ ದೊಡ್ಡ ಗುಣ. ಇದು ಕೈಯಳತೆಯಲ್ಲಿ ಸಿಗುತ್ತಿರುವಾಗ ಸಮುದ್ರ ದಾಟಿ ಬಂದ ಪೀಟ್ ಮಾಸ್ ಚೀಲವನ್ನು ದಯವಿಟ್ಟು ಕೊಳ್ಳಬೇಡಿ. ಶೀತದೇಶಗಳ ಜೌಗು ನೆಲದಲ್ಲಿ ಆ ಪೀಟ್ ವರ್ಷಕ್ಕೆ ಸುಮಾರು 1 ಮಿಲಿಮೀಟರಿನಂತೆ, ಸಾವಿರಾರು ವರ್ಷ ಕೂಡಿಬಂದದ್ದು. ಅದನ್ನು ಅಗೆದರೆ ಅದು ಹಿಡಿದಿಟ್ಟ ಇಂಗಾಲ ಗಾಳಿಗೆ ಸೇರುತ್ತದೆ. ನಮ್ಮ ಮನೆಯ ಒಂದು ಅಗ್ಲೋನಿಮಾ ಗಿಡಕ್ಕಾಗಿ ಅಷ್ಟು ನಷ್ಟ ಮಾಡುವ ಅಗತ್ಯವಿಲ್ಲ.

ಕೋಕೋಪೀಟನ್ನು ನೇರವಾಗಿ ಕುಂಡಕ್ಕೆ ಸುರಿಯಬಾರದು. ಮಟ್ಟೆಯಲ್ಲಿ ಸ್ವಭಾವತಃ ಪೊಟ್ಯಾಷಿಯಂ, ಸೋಡಿಯಂ ಲವಣಗಳಿರುತ್ತವೆ. ಇಟ್ಟಿಗೆಯನ್ನು ಟಬ್ಬಿನಲ್ಲಿ ನೆನೆಹಾಕಿದರೆ ನೀರು ಕಡು ಡಿಕಾಕ್ಷನ್ನಿನ ಬಣ್ಣಕ್ಕೆ ಬರುತ್ತದೆ. ಅದನ್ನು ಚೆಲ್ಲಿ, ಪುಡಿಯನ್ನು ಹಳೆಯ ಪಂಚೆಯಲ್ಲಿ ಕಟ್ಟಿ ಹಿಂಡಿ, ಮತ್ತೆ ಹೊಸ ನೀರು ಹಾಕಿ. ಬಣ್ಣ ತಿಳಿಯಾಗುವವರೆಗೆ ಎರಡು ಮೂರು ಸಲ ಹೀಗೆ ಮಾಡಿ. ಇನ್ನೊಂದು ವಿಷಯ: ಕೋಕೋಪೀಟ್ ಗಿಡಕ್ಕೆ ಆಹಾರವಲ್ಲ. ಅದರಲ್ಲಿ ಸಾರಜನಕ ತೀರ ಕಡಿಮೆ, ಮೇಲಾಗಿ ಅದು ಕ್ಯಾಲ್ಸಿಯಂ ಅನ್ನು ತನ್ನಲ್ಲೇ ಹಿಡಿದುಕೊಳ್ಳುತ್ತದೆ. "ನೂರಕ್ಕೆ ನೂರು ಕೋಕೋಪೀಟ್, ಮಣ್ಣೇ ಬೇಡ" ಎಂದು ಮಾರುವವರ ಗಿಡ ಮೊದಲ ಒಂದೆರಡು ತಿಂಗಳು ನಳನಳಿಸಿ ಆಮೇಲೆ ಸೊರಗುವುದು ಇದರಿಂದಲೇ.

ಗೊಬ್ಬರದ ವಿಷಯಕ್ಕೆ ಬಂದರೆ, ನಿಮ್ಮ ಅಡುಗೆಮನೆಗಿಂತ ಒಳ್ಳೆಯ ಅಂಗಡಿ ಇಲ್ಲ. ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಕಸ. ಅದನ್ನು ಬೇರೆ ಮಾಡದೆ ಕೊಟ್ಟಿದ್ದರ ಫಲವನ್ನು, ನಮ್ಮ ಕಸ ಸುರಿಯುತ್ತಿದ್ದ ಮಂಡೂರಿನ ಜನ ಉಂಡರು. ಊರವರು ರಸ್ತೆಗಿಳಿದ ಮೇಲೆ, 2014ರಲ್ಲಿ, ಅಲ್ಲಿಗೆ ಬೆಂಗಳೂರಿನ ಲಾರಿಗಳು ಹೋಗುವುದು ನಿಂತಿತು. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ 1975ರಲ್ಲಿ ಹುಟ್ಟಿದ್ದೇ ಊರಿನ ಕಸವನ್ನು ಗೊಬ್ಬರ ಮಾಡಲು. ನಾವು ನಮ್ಮ ಬಾಲ್ಕನಿಯ ಮೂಲೆಯಲ್ಲಿ ತೂತು ಮಾಡಿದ ಒಂದು ಡ್ರಮ್ಮಿನಲ್ಲಿ ತರಕಾರಿ ಸಿಪ್ಪೆ ಮತ್ತು ಒಣ ಎಲೆಯನ್ನು ಪದರಪದರವಾಗಿ ಹಾಕಿದರೆ, ಎರಡು ಮೂರು ತಿಂಗಳಲ್ಲಿ ಕಪ್ಪು ಗೊಬ್ಬರ ಕೈಗೆ ಬರುತ್ತದೆ. ಆದರೆ ಮನೆಯೊಳಗಿನ ಕುಂಡಕ್ಕೆ ಅರೆಬೆಂದ ಗೊಬ್ಬರ ಬೇಡವೇ ಬೇಡ. ಡ್ರಮ್ಮಿನಲ್ಲಿ ಬಿಸಿ ಉಳಿದಿರಬಾರದು, ಹುಳಿವಾಸನೆ ಇರಬಾರದು. ಅನುಮಾನವಿದ್ದರೆ ಒಂದು ಬಟ್ಟಲು ಗೊಬ್ಬರದಲ್ಲಿ ಹತ್ತಿಪ್ಪತ್ತು ಮೆಂತ್ಯದ ಕಾಳು ಬಿತ್ತಿ. ನಾಲ್ಕೈದು ದಿನದಲ್ಲಿ ಬಹುತೇಕ ಕಾಳು ಮೊಳೆತರೆ ಗೊಬ್ಬರ ಕಳಿತಿದೆ ಎಂದರ್ಥ. ಮೊಳಕೆ ಸುಟ್ಟಂತಾದರೆ ಇನ್ನೂ ಒಂದು ತಿಂಗಳು ಬಿಡಿ. ಅರೆಕಳಿತ ಗೊಬ್ಬರ, ಸದಾ ಒದ್ದೆಯಾಗಿರುವ ಮೇಲ್ಮಣ್ಣು, ಇವೆರಡೂ ಸೇರಿದ ಕಡೆಯೇ ಟಿ.ವಿ. ಮುಂದೆ ಹಾರಾಡುವ ಆ ಸಣ್ಣ ಕಪ್ಪು ನೊಣಗಳು ಮೊಟ್ಟೆಯಿಡುವುದು.

ಹಿಂಡಿಯಲ್ಲೂ ಆಯ್ಕೆ ಇರಲಿ. ಬೇವಿನ ಹಿಂಡಿ ಒಳ್ಳೆಯದು. ಒಂದು ಬಕೆಟ್ ಮಿಶ್ರಣಕ್ಕೆ ಒಂದು ಸಣ್ಣ ಹಿಡಿ. ಕಡಲೆಕಾಯಿ ಹಿಂಡಿ ಮನೆಯೊಳಗೆ ನಾರುತ್ತದೆ, ಇಲಿಯನ್ನೂ ಕರೆಯುತ್ತದೆ. ಹರಳು ಹಿಂಡಿಯ ಬಗ್ಗೆ ವಿಶೇಷವಾಗಿ ಎಚ್ಚರಿಸುತ್ತೇನೆ: ಸರಿಯಾಗಿ ಸಂಸ್ಕರಿಸದ ಹರಳು ಹಿಂಡಿಯಲ್ಲಿ ರೈಸಿನ್ ಎಂಬ ವಿಷ ಉಳಿದಿರುತ್ತದೆ. ಅದರ ವಾಸನೆಗೆ ನಾಯಿಗಳು ಮಣ್ಣು ಕೆದಕಿ ತಿನ್ನುತ್ತವೆ, ಜೀವಕ್ಕೇ ಕುತ್ತಾಗುತ್ತದೆ. ನಾಯಿ, ಬೆಕ್ಕು, ಅಂಬೆಗಾಲಿಡುವ ಮಗು ಇರುವ ಮನೆಯೊಳಗೆ ಅದು ಕಾಲಿಡಬಾರದು.

ಮರಳಿಗಾಗಿ ಹೊಳೆ ಮರಳು ಕೇಳಬೇಡಿ. ತೋಡಿ ತೋಡಿ ನಮ್ಮ ಹೊಳೆಗಳ ಒಡಲು ಆಗಲೇ ಬರಿದಾಗಿದೆ. ಎಂ-ಸ್ಯಾಂಡನ್ನು ಜರಡಿ ಹಿಡಿದು, ನುಣ್ಣನೆಯ ಕಲ್ಲುಪುಡಿ ತೊಳೆದುಹಾಕಿ, ಉಳಿದ ಒರಟು ಕಾಳನ್ನು ಬಳಸಿದರೆ ಆಯಿತು. ಸುಟ್ಟ ಭತ್ತದ ಹೊಟ್ಟು ಸಿಕ್ಕರೆ ಇನ್ನೂ ಒಳ್ಳೆಯದು, ತೂಕವೂ ಕಡಿಮೆ. ಇಟ್ಟಿಗೆಯ ಚೂರು ಕುಟ್ಟಿಯೂ ಹಾಕಬಹುದು. ಅದಕ್ಕೆ ಸಿಮೆಂಟು ಗಾರೆ ಅಂಟಿರದಂತೆ ನೋಡಿಕೊಳ್ಳಿ, ಸಿಮೆಂಟು ಮಣ್ಣನ್ನು ಕ್ಷಾರ ಮಾಡುತ್ತದೆ.

ಕೆರೆಯ ಗೋಡು ಮಣ್ಣು ಚಿನ್ನದಂಥದ್ದು ಎಂದು ಹಳ್ಳಿಯಲ್ಲಿ ಬೆಳೆದ ನಮಗೆಲ್ಲ ಗೊತ್ತು. ಬೇಸಿಗೆಯಲ್ಲಿ ಗಾಡಿ ಕಟ್ಟಿ ಹೊಲಕ್ಕೆ ಹೊಡೆಯುತ್ತಿದ್ದರು. ಆ ನೆನಪಿನಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳಿಂದ ಎತ್ತಿದ ಹೂಳನ್ನು ತರಬೇಡಿ. ದಶಕಗಳ ಕಾಲ ಊರಿನ ಒಳಚರಂಡಿಯ ನೀರು, ಕಾರ್ಖಾನೆಗಳ ನೀರು ಇಳಿದ ಆ ಹೂಳಿನಲ್ಲಿ ಭಾರಲೋಹಗಳಿವೆ. ಪುದೀನ, ಕೊತ್ತಂಬರಿಯಂಥ ತಿನ್ನುವ ಸೊಪ್ಪಿಗಂತೂ ಅದು ಸಲ್ಲದು. ಮಲೆನಾಡಿಗೆ ಪ್ರವಾಸ ಹೋದಾಗ ಕಾಡಿನ ಕಪ್ಪು ಮಣ್ಣನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬರುವವರಿಗೂ ಕೈಮುಗಿದು ಹೇಳುತ್ತೇನೆ, ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ಒಂದು ಅಂಗುಲ ಮೇಲ್ಮಣ್ಣು ಕೂಡಿಬರಲು ನೂರಾರು ವರ್ಷ ಬೇಕು.

ಈಗ ಬೆರೆಸುವ ಲೆಕ್ಕ. ಒಂದೇ ಡಬ್ಬಿಯಿಂದ ಅಳೆಯಿರಿ. ತೊಳೆದು ಹಿಂಡಿದ ಕೋಕೋಪೀಟ್ ಎರಡು ಡಬ್ಬಿ, ಜರಡಿ ಹಿಡಿದ ಕೆಮ್ಮಣ್ಣು ಒಂದು, ಕಳಿತ ಗೊಬ್ಬರ ಅಥವಾ ಎರೆಗೊಬ್ಬರ ಒಂದು, ಒರಟು ಮರಳು ಅಥವಾ ಸುಟ್ಟ ಹೊಟ್ಟು ಒಂದು. ಸ್ನೇಕ್ ಪ್ಲಾಂಟ್, ಝಡ್‌ಝಡ್ ಪ್ಲಾಂಟಿನಂಥ ಗಡ್ಡೆಯವಕ್ಕೆ ಗೊಬ್ಬರ ಅರ್ಧ ಮಾಡಿ ಮರಳು ಎರಡರಷ್ಟು ಮಾಡಿ. ಕಿಟಕಿಯ ಬಳಿಯ ವೀಳ್ಯದೆಲೆ ಬಳ್ಳಿಗೆ, ದೊಡ್ಡಪತ್ರೆಗೆ ಮೇಲೆ ಹೇಳಿದ ಅಳತೆಯೇ ಸರಿ. ಬೇವಿನ ಹಿಂಡಿ ಸೇರಿಸಿ, ನೀರು ಚಿಮುಕಿಸಿ, ಕೈಯಿಂದಲೇ ಮೇಲೆ ಕೆಳಗೆ ಮಾಡಿ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ ನೋಡಿ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಹೆಚ್ಚಾಯಿತು. ಉಂಡೆ ನಿಂತು, ಬೆರಳು ತಾಗಿಸಿದ ಕೂಡಲೇ ಪುಡಿಯಾದರೆ ಹದ ಬಂದಿದೆ. ಗೋಣಿತಾಟು ಮುಚ್ಚಿ ಹದಿನೈದು ದಿನ ನೆರಳಲ್ಲಿ ಬಿಡಿ. ಹಿಂಡಿ ಕಳಿಯುವ ಬಿಸಿಯೂ ವಾಸನೆಯೂ ಅಷ್ಟರಲ್ಲಿ ಇಳಿದುಹೋಗುತ್ತವೆ.

ಕುಂಡದ ತಳಕ್ಕೆ ಜಲ್ಲಿಯ ಪದರ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದು ನಿಜವಲ್ಲ. ಸಣ್ಣ ಸಂದಿಗಳ ಮಣ್ಣಿನಿಂದ ದೊಡ್ಡ ಸಂದಿಗಳ ಜಲ್ಲಿಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ತೊಟ್ಟಿಕ್ಕುವವರೆಗೂ ಅಲ್ಲೇ ನಿಲ್ಲುತ್ತದೆ. ಜಲ್ಲಿ ಹಾಕಿದಷ್ಟೂ ಆ ಕೆಸರು ಬೇರಿನ ಹತ್ತಿರಕ್ಕೇ ಏರುತ್ತದೆ. ತೂತಿನ ಮೇಲೆ ಒಂದು ತುಂಡು ಸೊಳ್ಳೆಪರದೆ ಇಟ್ಟು, ತಳದಿಂದಲೇ ಮಿಶ್ರಣ ತುಂಬಿ. ತೂತಿಲ್ಲದ ಪಿಂಗಾಣಿ ಕುಂಡದಲ್ಲಿ ನೇರವಾಗಿ ನೆಡಬೇಡಿ. ಪಾಟರಿ ಟೌನಿನ ಕುಂಬಾರರು ಮಾಡುವ ಸಾದಾ ಮಣ್ಣಿನ ಕುಂಡ ಮೈಯೆಲ್ಲ ಗಾಳಿಯಾಡುತ್ತದೆ. ಮನೆಯೊಳಗೆ ಅದಕ್ಕೆ ಸಮನಾದದ್ದು ಇಲ್ಲ.

ನಮ್ಮ ಬ್ಲಾಕಿನಲ್ಲಿರುವ ಹಿರಿಯ ಅಮ್ಮ ಒಬ್ಬರು ಮಂಡ್ಯ ಕಡೆಯವರು. ದಿನಾ ಊಟವಾದ ಮೇಲೆ ಎಲೆ ಅಡಿಕೆ ಹಾಕುವವರು. ಮಗ ತಂದುಕೊಟ್ಟ ವೀಳ್ಯದೆಲೆ ಬಳ್ಳಿ ಚಿಗುರೇ ಒಡೆಯುತ್ತಿಲ್ಲ ಎಂದು ಕರೆದರು. ಕುಂಡ ಮಗುಚಿದೆವು. ಹೊರಗಿನ ಮಣ್ಣು ಬೇರೆ, ನಡುವಿನದು ಬೇರೆ. ನಡುವೆ ನರ್ಸರಿಯ ಕಪ್ಪು ಕವರಿನ ಆಕಾರದಲ್ಲೇ ಕೆಂಪು ಹೆಂಟೆಯೊಂದು ಗಟ್ಟಿಯಾಗಿ ಕೂತಿತ್ತು. ಬೇರುಗಳೆಲ್ಲ ಅದರ ಸುತ್ತಲೇ ಸುತ್ತಿಕೊಂಡು ತುದಿಯಲ್ಲಿ ಕಂದಾಗಿದ್ದವು, ಮೂಗಿಗೆ ಮೋರಿಯ ವಾಸನೆ. ಆ ಅಮ್ಮನೇ ಹೆಂಟೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಹೆರಳು ಬಿಡಿಸುವ ನಾಜೂಕಿನಲ್ಲಿ ಬೇರು ಬೇರು ಬಿಡಿಸಿದರು. ಕೊಳೆತದ್ದನ್ನು ಕತ್ತರಿಸಿ ಹೊಸ ಮಿಶ್ರಣದಲ್ಲಿ ನೆಟ್ಟೆವು. ಮಳೆಗಾಲ ಮುಗಿಯುವ ಹೊತ್ತಿಗೆ ಬಳ್ಳಿ ಕಿಟಕಿಯ ಸರಳು ಹಿಡಿದಿತ್ತು. ನೀವೂ ನರ್ಸರಿಯಿಂದ ಗಿಡ ತಂದಾಗ ಒಂದೆರಡು ವಾರ ಬಿಟ್ಟು ಆ ಒಳಗಿನ ಹೆಂಟೆಯನ್ನು ಸಡಿಲಿಸಿಯೇ ನೆಡಿ. ಹೊರಗೆ ಎಷ್ಟೇ ಒಳ್ಳೆಯ ಮಣ್ಣು ತುಂಬಿದರೂ ಹೆಂಟೆ ಹಾಗೇ ಉಳಿದರೆ ಪ್ರಯೋಜನವಿಲ್ಲ.

ಕೆಲವು ಮಾತು ನಿಮ್ಮ ಅಪಾರ್ಟ್‌ಮೆಂಟ್ ಸಂಘಗಳ ಮೂಲಕ ಆಗಬೇಕಾದವು. ಗಿಡ ಸತ್ತ ಕುಂಡದ ಮಣ್ಣನ್ನು ಕಸದ ಗಾಡಿಗೋ ರಾಜಕಾಲುವೆಗೋ ಸುರಿಯುತ್ತಿದ್ದೇವೆ. ಅದನ್ನು ಬೇರು ಆಯ್ದು, ಒದ್ದೆ ಮಾಡಿ, ಏಪ್ರಿಲ್ ಮೇ ಬಿಸಿಲಿನಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ ತಾರಸಿಯ ಮೇಲೆ ನಾಲ್ಕೈದು ವಾರ ಇಟ್ಟರೆ ರೋಗಾಣುಗಳೂ ಹುಳುವಿನ ಮೊಟ್ಟೆಗಳೂ ಬಹಳಷ್ಟು ಸಾಯುತ್ತವೆ. ಆಮೇಲೆ ಹೊಸ ಗೊಬ್ಬರ ಸೇರಿಸಿದರೆ ಮತ್ತೆ ಬಳಸಬಹುದು. ಫೆಬ್ರವರಿ ಮಾರ್ಚಿನಲ್ಲಿ ಆವರಣದ ಮರಗಳು ಉದುರಿಸುವ ಎಲೆಯನ್ನು ಸುಡಲು ಬಿಡಬೇಡಿ. ಹೊಂಗೆ, ಮಳೆಮರದ ಎಲೆಗಳನ್ನು ತಂತಿಬಲೆಯ ಪಂಜರದಲ್ಲಿ ತುಂಬಿ ಆಗಾಗ ನೀರು ಹಾಕಿದರೆ ಮುಂದಿನ ವರ್ಷಕ್ಕೆ ಇಡೀ ಆವರಣಕ್ಕಾಗುವಷ್ಟು ಎಲೆಗೊಬ್ಬರ ಸಿಗುತ್ತದೆ. ನೀಲಗಿರಿ, ಅಕೇಶಿಯ ಎಲೆಗಳನ್ನು ಮಾತ್ರ ಬೇರೆ ಇಡಿ. ಬೇಸ್‌ಮೆಂಟಿನ ಒಂದು ಮೂಲೆಯನ್ನು ಮಣ್ಣು ಬೆರೆಸಲು ಬಿಟ್ಟುಕೊಡಿ. ಒಂದು ಜರಡಿ, ಎರಡು ಬಾಂಡ್ಲಿ, ಒಂದು ಸಲಿಕೆ ಎಲ್ಲರಿಗೂ ಸೇರಿ ಇರಲಿ. ಬೋರ್‌ವೆಲ್ ನೀರೇ ಗತಿಯಾಗಿರುವ ಕಡೆ ಕುಂಡದ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಮಳೆನೀರಿನ ತೊಟ್ಟಿಯಿಂದ ಗಿಡಗಳಿಗೆ ಒಂದು ನಲ್ಲಿ ಕೊಡಿಸಿ, ತಿಂಗಳಿಗೊಮ್ಮೆ ಆ ನೀರಿನಿಂದ ಕುಂಡಗಳನ್ನು ಧಾರಾಳವಾಗಿ ತೊಳೆಯಲಿ.

ನರ್ಸರಿಗೆ ಹೋದಾಗ "ಪಾಟಿಂಗ್ ಮಿಕ್ಸ್" ಚೀಲದಲ್ಲಿ ಏನೇನು ಎಷ್ಟೆಷ್ಟಿದೆ, ಮಣ್ಣು ಎಲ್ಲಿಂದ ಬಂತು ಎಂದು ವಿನಯದಿಂದಲೇ ಕೇಳಿ. ಚೀಲದ ಮೇಲೆ "ಸಾವಯವ" ಎಂದು ಬರೆದಿರುವುದು ಉತ್ತರವಾಗುವುದಿಲ್ಲ. ಗೊಬ್ಬರ ಬೇರೆಯಾಗಿ ಕೊಳ್ಳುವಾಗ ಚೀಲದ ಮೇಲಿನ ವಿವರ ಓದಿ. ಕಾಂಪೋಸ್ಟಿಗೂ ಎರೆಗೊಬ್ಬರಕ್ಕೂ ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಗುಣಮಟ್ಟ ನಿಗದಿಯಾಗಿದೆ. ನವೆಂಬರಿನಲ್ಲಿ ಜಿಕೆವಿಕೆಯ ಕೃಷಿಮೇಳಕ್ಕೆ ಹೋದರೆ ಎರೆಗೊಬ್ಬರ ಮಾಡುವವರನ್ನೇ ಮುಖಾಮುಖಿ ಮಾತನಾಡಿಸಬಹುದು.

ಬರುವ ಭಾನುವಾರ ನಿಮ್ಮ ಮನೆಯ ಒಂದೇ ಒಂದು ಕುಂಡವನ್ನು ಮಗುಚಿ ನೋಡಿ. ಎಲ್ಲಕ್ಕಿಂತ ಸೊರಗಿರುವ ಗಿಡವನ್ನೇ ಆರಿಸಿಕೊಳ್ಳಿ. ಬೇರು ನೋಡಿ, ಮಣ್ಣನ್ನು ಮೂಸಿ ನೋಡಿ, ಆಮೇಲೆ ಮಿಶ್ರಣಕ್ಕೆ ಕೈ ಹಾಕಿ. ನಿಮಗೆ ಗೊತ್ತಾದದ್ದನ್ನು ಪಕ್ಕದ ಮನೆಯವರಿಗೂ ತಿಳಿಸಿ, ಮಿಕ್ಕ ಮಿಶ್ರಣವಿದ್ದರೆ ಅವರಿಗೂ ಒಂದು ಬಕೆಟ್ ಕೊಡಿ ಎಂದು ವಿನಂತಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ತೋಟಗಾರಿಕೆ ಬರಹಗಾರ್ತಿ
ಬೆಂಗಳೂರು